ಗೋಡೆಯೊಳಗಿನ ಪೈಪಿಗೆ ಪೆಟ್ಟಾಗದಂತೆ ಸಿಂಕಿನ ಹಳೆಯ ನಳವನ್ನು ನಾವೇ ಬದಲಿಸಬಹುದೇ?

ಘಟಪ್ರಭಾ ತೀರ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ.

ನಮ್ಮ ಅಡುಗೆಮನೆಯ ಸಿಂಕಿನ ಮೇಲೆ ಗೋಡೆಗೆ ಜೋಡಿಸಿದ ಉದ್ದ ಮೂತಿಯ ನಳವೊಂದಿದೆ. ಮೂತಿ ಎಡಕ್ಕೂ ಬಲಕ್ಕೂ ತಿರುಗುವ ಸಾಮಾನ್ಯ ನಳವದು; ಮನೆ ಕಟ್ಟಿಸಿದಾಗ, ಅಂದರೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕೂರಿಸಿದ್ದು. ಕೆಲವು ತಿಂಗಳುಗಳಿಂದ ಎಷ್ಟು ಬಿಗಿಯಾಗಿ ಬಂದ್ ಮಾಡಿದರೂ ಸೋರುತ್ತಲೇ ಇದೆ. ರಾತ್ರಿ ಕೆಳಗಿಟ್ಟ ಪಾತೇಲಿ ಬೆಳಗಾಗುವಷ್ಟರಲ್ಲಿ ತುಂಬಿ ಹರಿದಿರುತ್ತದೆ. ಬೇಸಿಗೆಯಲ್ಲಿ ನೀರಿಗಾಗಿ ಕಾಯುವ ಓಣಿಯಲ್ಲಿ ಇಷ್ಟು ನೀರು ಸುಮ್ಮನೆ ಗಟಾರಕ್ಕೆ ಹೋಗುವುದನ್ನು ನೋಡುತ್ತ ಕೂರಲು ನನ್ನಿಂದಾಗುತ್ತಿಲ್ಲ.

ಒಂದೇ ಒಂದು ನಳಕ್ಕಾಗಿ ಬಂದು ಹೋಗಲು ಪ್ಲಂಬರುಗಳಿಗೆ ಪುರಸೊತ್ತಿಲ್ಲ. ಹೊಸ ಮನೆಗಳ ಕೆಲಸ ಅವರ ಕೈತುಂಬ ಇದೆ. ಕಮೋಡಿನ ಕನೆಕ್ಷನ್ ಪೈಪು, ವಾಶ್ ಬೇಸಿನ್ನಿನ ಆಂಗಲ್ ಕಾಕ್ ಇವನ್ನೆಲ್ಲ ಸ್ವತಃ ಬದಲಿಸಿದವಳು ನಾನು, ಆದ್ದರಿಂದ ಪಾನಾ ಹಿಡಿಯಲು ಅಂಜಿಕೆಯಿಲ್ಲ. ಆದರೆ ಅವೆಲ್ಲ ಹೊರಗೆ ಕಾಣುವ ಜೋಡಣೆಗಳು. ಈ ನಳವಾದರೋ ನೇರವಾಗಿ ಗೋಡೆಯೊಳಗೆ ಹೋಗಿದೆ. ಪಕ್ಕದ ಮನೆಯಲ್ಲಿ ಇಂಥದೇ ನಳವನ್ನು ಬಿಚ್ಚುವಾಗ ಒಳಗಿನ ಜೋಡಣೆ ಮುರಿದು, ಗೋಡೆ ಒಡೆಯಬೇಕಾಯಿತು. ಆ ನಮೂನೆಯ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗದೆ, ಸಿಂಕಿನ ಮೇಲ್ಭಾಗದಲ್ಲಿ ಬೇರೆ ಬಣ್ಣದ ತೇಪೆ ಹಾಗೆಯೇ ಉಳಿದಿದೆ.

ಹೀಗಾಗಿ ಅನುಭವವಿದ್ದವರಲ್ಲಿ ನನ್ನ ವಿನಂತಿ ಇಷ್ಟು. ಗೋಡೆಯೊಳಗೆ ಯಾವ ಪೈಪಿದೆ ಎಂಬುದನ್ನು ಒಡೆಯದೆ ತಿಳಿಯುವುದು ಹೇಗೆ? ಎಲ್ಲಿಯವರೆಗೆ ನಾನೇ ಪ್ರಯತ್ನಿಸಬಹುದು, ಯಾವ ಹಂತದಲ್ಲಿ ಕೈಬಿಡಬೇಕು? ನಮ್ಮ ಸವಳು ನೀರಿಗೆ ತಾಳುವ ನಳ ಯಾವುದು? ನಮಗೆ ನಗರಸಭೆಯ ನೀರು ಮತ್ತು ಬೋರಿನ ನೀರು ಎರಡೂ ಒಂದೇ ಟ್ಯಾಂಕಿಗೆ ಬರುತ್ತವೆ.

ಕೃಷ್ಣೆಯ ದಂಡೆ (ಜಮಖಂಡಿ)

ಅಕ್ಕಾವರೆ, ಬಿಚ್ಚುವ ಮಾತಿಗೆ ಮೊದಲು ನೀರು ಎಲ್ಲಿಂದ ಸೋರುತ್ತಿದೆ ಎಂಬುದನ್ನು ಸರಿಯಾಗಿ ನೋಡಿರಿ. ನಳವನ್ನೂ ಸುತ್ತಲಿನ ಗೋಡೆಯನ್ನೂ ಬಟ್ಟೆಯಿಂದ ಪೂರ್ತಿ ಒರೆಸಿ, ಒಣಗಿಸಿ, ಒಂದು ಗಂಟೆ ಯಾರೂ ಬಳಸದಂತೆ ಬಿಟ್ಟು, ಆಮೇಲೆ ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ. ಮೂತಿಯ ತುದಿಯಿಂದ ಹನಿ ಬೀಳುತ್ತಿದ್ದರೆ ದೋಷವಿರುವುದು ನಳವನ್ನು ತೆರೆದು ಮುಚ್ಚುವ ಒಳಗಿನ ದಂಡದಲ್ಲಿ, ಅಂದರೆ ಸ್ಪಿಂಡಲ್‌ನಲ್ಲಿ. ಮೂತಿ ತಿರುಗುವ ಬುಡದಲ್ಲಿ ಜಿನುಗುತ್ತಿದ್ದರೆ ಅಲ್ಲಿಯ ರಬ್ಬರ್ ಉಂಗುರ ಸವೆದಿದೆ. ಈ ಎರಡೂ ಸಂದರ್ಭಗಳಲ್ಲಿ ನಳವನ್ನು ಗೋಡೆಯಿಂದ ಬಿಚ್ಚುವ ಅಗತ್ಯವೇ ಇಲ್ಲ. ಗೋಡೆಗೆ ಅಂಟಿಕೊಂಡಿರುವ ದುಂಡನೆಯ ಫ್ಲ್ಯಾಂಜಿನ ಹಿಂದಿನಿಂದ ನೀರು ಬರುತ್ತಿದ್ದರೆ ಮಾತ್ರ ಗೋಡೆಯ ಜೋಡಣೆಗೆ ಕೈಹಾಕಲೇಬೇಕಾಗುತ್ತದೆ.

ಇಪ್ಪತ್ತು ವರ್ಷದ ನಳವೆಂದರೆ ಹಲವು ಸುತ್ತು ತಿರುಗಿಸಿ ಬಂದ್ ಮಾಡುವ ಹಳೆಯ ಮಾದರಿಯದಿರಬಹುದು. ಅದರ ಸ್ಪಿಂಡಲ್ ತುದಿಯಲ್ಲೊಂದು ರಬ್ಬರ್ ವಾಷರ್ ಇರುತ್ತದೆ. ಅದು ಗಟ್ಟಿಯಾಗಿ, ನಡುವೆ ಉಂಗುರದಂತೆ ಕುಳಿಬಿದ್ದು, ನೀರನ್ನು ತಡೆಯುವುದನ್ನು ಬಿಟ್ಟಿರುತ್ತದೆ. ಕೆಲವೇ ರೂಪಾಯಿಗಳ ಸಾಮಾನು. ಕಾಲುಸುತ್ತಿನಲ್ಲೇ ಬಂದ್ ಆಗುವ ಹೊಸ ಮಾದರಿಯಾದರೆ ಒಳಗೆ ಒಂದರ ಮೇಲೊಂದು ಜಾರುವ ಎರಡು ಸಿರಾಮಿಕ್ ಬಿಲ್ಲೆಗಳಿರುತ್ತವೆ; ನೀರಿನಲ್ಲಿ ಬಂದ ಉಸುಕಿನ ಕಣ ಅವುಗಳ ನಡುವೆ ಸಿಕ್ಕು ಗೀರು ಮಾಡಿದರೆ ಎಷ್ಟು ಒತ್ತಿದರೂ ಹನಿ ನಿಲ್ಲುವುದಿಲ್ಲ, ಆಗ ಇಡೀ ಸ್ಪಿಂಡಲ್ ಬದಲಿಸಬೇಕು. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ತಲೆಯ ಹಲ್ಲುಗಳು, ಉದ್ದ, ಥ್ರೆಡ್ (ತಿರುಗಿಸಿ ಕೂರಿಸುವ ಸುರುಳಿ ಗೆರೆ) ಮೂರೂ ಹೊಂದದಿದ್ದರೆ ಅದು ಕೂರುವುದಿಲ್ಲ, ಮತ್ತು ಬಾಯಿಮಾತಿನಲ್ಲಿ ಈ ಅಳತೆಗಳನ್ನು ಹೇಳಿ ತರುವುದು ಸಾಧ್ಯವಿಲ್ಲ.

ಗೋಳಗುಮ್ಮಟದ ಓಣಿ (ವಿಜಯಪುರ)

ಜಮಖಂಡಿಯವರು ಹೇಳಿದ್ದು ಸರಿಯಾಗಿದೆ. ಬಹಳ ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿ, ಅದಕ್ಕೂ ಮೊದಲು ಸ್ವತಃ ಪೈಪಿನ ಕೆಲಸ ಮಾಡಿದ ನಾನು ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಂಗಿ, ಏಕೆಂದರೆ ಹೊಸ ನಳ ಕೂರಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಜೋಪಾನ ಬೇಕಾಗಿರುವುದು ಹಳೆಯದನ್ನು ಹೊರತೆಗೆಯುವಾಗ.

ಮೊದಲು ಫ್ಲ್ಯಾಂಜನ್ನು ಚಾಕುವಿನ ಹಿಂಬದಿಯಿಂದ ನಿಧಾನವಾಗಿ ಗೋಡೆಯಿಂದ ಬಿಡಿಸಿ ಮುಂದಕ್ಕೆ ಸರಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಹಳದಿ ಹಿತ್ತಾಳೆಯ ಬಳೆ, ಅದರ ಸುತ್ತ ಕೆನೆಬಣ್ಣದ ಪ್ಲಾಸ್ಟಿಕ್ ಕಂಡರೆ ಅದು ಸಿಪಿವಿಸಿ. ಕಪ್ಪು ಅಥವಾ ತುಕ್ಕು ಬಣ್ಣ ಕಂಡು, ಸಣ್ಣ ಅಯಸ್ಕಾಂತ ಅಂಟಿಕೊಂಡರೆ ಅದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಮಾಳಿಗೆಯ ಮೇಲೆ ಟ್ಯಾಂಕಿನಿಂದ ಇಳಿಯುವ ಪೈಪನ್ನು ನೋಡಿ ತೀರ್ಮಾನಿಸಬೇಡಿ. ಎಷ್ಟೋ ಮನೆಗಳಲ್ಲಿ ಹೊರಗಿನದನ್ನಷ್ಟೇ ಸಿಪಿವಿಸಿಗೆ ಬದಲಿಸಿ ಗೋಡೆಯೊಳಗಿನ ಜಿಐಯನ್ನು ಹಾಗೆಯೇ ಬಿಟ್ಟಿರುತ್ತಾರೆ.

ಎರಡೂ ಪೈಪುಗಳು ಕೈಕೊಡುವ ರೀತಿ ಬೇರೆ ಬೇರೆ. ಸಿಪಿವಿಸಿಯ ಎಲ್ಬೋದಲ್ಲಿ, ಅಂದರೆ ನಳ ಕೂರುವ ಗೋಡೆಯೊಳಗಿನ ಬಾಗಿದ ಜೋಡಣೆಯಲ್ಲಿ, ಹಿತ್ತಾಳೆಯ ಥ್ರೆಡ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿರುತ್ತಾರೆ. ಜಟಕಾ ಕೊಟ್ಟು ತಿರುಗಿಸಿದರೆ ಅಥವಾ ಅತಿಯಾಗಿ ಬಿಗಿದರೆ ಆ ಪ್ಲಾಸ್ಟಿಕ್ ಸೂಕ್ಷ್ಮವಾಗಿ ಸೀಳುತ್ತದೆ. ಆ ದಿನ ಏನೂ ಕಾಣದೆ, ವಾರಗಳ ನಂತರ ಗೋಡೆಯ ಆಚೆ ಬದಿಯಲ್ಲಿ ಬಣ್ಣ ಉಬ್ಬಿ ಬಂದಾಗ ಗೊತ್ತಾಗುತ್ತದೆ. ಜಿಐಯಲ್ಲಿ ಹಿತ್ತಾಳೆಯೂ ಕಬ್ಬಿಣವೂ ಒಂದೇ ನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುವುದರಿಂದ ಕಬ್ಬಿಣ ಬೇಗ ಸವೆದು, ತುಕ್ಕು ಎರಡನ್ನೂ ಕಚ್ಚಿಸಿಬಿಡುತ್ತದೆ. ಇದರ ಜೊತೆಗೆ ಉಪ್ಪಿನಂಶದ ನೀರು ಹಿತ್ತಾಳೆಯಲ್ಲಿನ ಸತುವನ್ನೂ ಕರಗಿಸುತ್ತದೆ. ಅಂಥ ಹಳೆಯ ನಳ ಹೊರಗೆ ಹೊಳೆಯುತ್ತಿದ್ದರೂ ಥ್ರೆಡ್ಡಿನ ಬಳಿ ಪಟ್ಟನೆ ಮುರಿದು, ಮುರಿದ ಜಾಗ ತಾಮ್ರದಂತೆ ನಸುಗೆಂಪಾಗಿ, ಪುಡಿಪುಡಿಯಾಗಿ ಕಾಣುತ್ತದೆ. ತುಂಡು ಎಲ್ಬೋದೊಳಗೇ ಉಳಿಯುತ್ತದೆ. ನಿಮ್ಮ ನೆರೆಮನೆಯಲ್ಲಿ ಆದದ್ದೂ ಇದೇ ಇರಬಹುದು.

ಆದ್ದರಿಂದ ಜಿಐ ಎಂದು ಖಾತ್ರಿಯಾದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇಯನ್ನು, ಇಲ್ಲದಿದ್ದರೆ ಚಿಮಣಿ ಎಣ್ಣೆಯನ್ನು, ಜೋಡಣೆಗೆ ಹನಿಹನಿಯಾಗಿ ಬಿಟ್ಟು ನೆನೆಯಲು ಬಿಡಿ. ಒಲೆ ಪಕ್ಕದಲ್ಲೇ ಇರುವುದರಿಂದ ಎಣ್ಣೆಯನ್ನು ಪೂರ್ತಿ ಒರೆಸುವವರೆಗೆ ಗ್ಯಾಸ್ ಹಚ್ಚಬಾರದು. ಸಿಪಿವಿಸಿಯಾದರೆ ಯಾವ ಎಣ್ಣೆಯೂ ಬೇಡ. ಕೆಲವು ಎಣ್ಣೆ ಮತ್ತು ದ್ರಾವಕಗಳು ತಾಗಿದರೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಜಿಐ ಕಾಲದಲ್ಲಿ ನಾವು ಸೋರದಂತೆ ಸಣಬಿನ ನಾರು ಮತ್ತು ಸಫೇದಾ (ಬಿಳಿ ಲೇಪ) ಸುತ್ತುತ್ತಿದ್ದೆವು, ಅದನ್ನೂ ಸಿಪಿವಿಸಿಗೆ ಹಚ್ಚಬೇಡಿ.

ಮರುದಿನ ಮೇಲಿನ ವಾಲ್ವ್ ಬಂದ್ ಮಾಡಿ, ಈ ನಳವನ್ನೂ ಕೆಳಮಟ್ಟದ ಬಚ್ಚಲಿನ ನಳವನ್ನೂ ತೆರೆದು ಪೈಪಿನಲ್ಲಿದ್ದ ನೀರು ಹರಿದುಹೋಗಲು ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಕಟ್ಟೆಯ ಮೇಲೆ ಗೋಣಿಚೀಲ ಹಾಸಿ. ಪಾನಾ ಕೈಜಾರಿ ಬಿದ್ದರೆ ಇಳಕಲ್ ಗ್ರಾನೈಟಿನ ಅಂಚು ಕೂಡ ಚಕ್ಕೆ ಏಳುತ್ತದೆ. ಪಾನಾವನ್ನು ನಳದ ಮೈಗಲ್ಲ, ಹಿಂಬದಿಯಲ್ಲಿ ಗೋಡೆಗೆ ಹತ್ತಿರವಿರುವ ಚಪ್ಪಟೆ ಭಾಗಕ್ಕೆ ಹಿಡಿಸಬೇಕು. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಬಳಿಕ ಬಿಚ್ಚುವ ದಿಕ್ಕಿಗೆ ಒಂದೇ ಸಮನಾದ ಬಲದಿಂದ ಒತ್ತಿರಿ. ಹಠಾತ್ತನೆ ಎಳೆಯಬಾರದು, ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ ಬಲ ಹೆಚ್ಚಿಸಲೂಬಾರದು. ಸ್ವಲ್ಪ ಕದಲಿ, ಕರ್ ಎಂದು ಸದ್ದು ಮಾಡಿ, ಥ್ರೆಡ್ ಮಾತ್ರ ತಿರುಗುತ್ತ ಬಂದರೆ ಭಯವಿಲ್ಲ. ಆದರೆ ನಳದ ಜೊತೆಗೆ ಒಳಗಿನ ಎಲ್ಬೋ ಅಲುಗಿದರೆ, ಟೈಲ್ಸಿನ ಸಂದಿನಿಂದ ಸಿಮೆಂಟು ಉದುರಿದರೆ, ಅಥವಾ ನಳದ ಕುತ್ತಿಗೆ ಮೆತ್ತಗಾಗಿ ತಿರುಚಿದಂತೆ ಅನಿಸಿದರೆ ಆ ಕ್ಷಣವೇ ನಿಲ್ಲಿಸಿ. ಅಲ್ಲಿಗೆ ನಿಲ್ಲಿಸಿದವರ ಮನೆಗೆ ಪ್ಲಂಬರ್ ಬಂದರೆ ಬಹಳವೆಂದರೆ ಒಂದು ಟೈಲ್ ತೆಗೆದು ಕೆಲಸ ಮುಗಿಸುತ್ತಾನೆ.

ಅಂಗಡಿಗೆ ಹೋದಾಗ ನಳದ ಜೊತೆ ಅರ್ಧ ಇಂಚಿನ ಪ್ಲಗ್ ಒಂದನ್ನು ಮರೆಯದೆ ತನ್ನಿ. ಹೊಸ ನಳ ಏನೋ ಕಾರಣಕ್ಕೆ ಕೂರದಿದ್ದರೆ ಪ್ಲಗ್ಗಿಗೆ ಟೇಪ್ ಸುತ್ತಿ ತೂತು ಮುಚ್ಚಿ, ಮನೆಯ ಉಳಿದ ನಳಗಳಿಗೆ ನೀರು ಬಿಟ್ಟುಕೊಳ್ಳಬಹುದು. ಹಳೆಯ ನಳ ಬಿಚ್ಚಿದ ಮೇಲೆ ನೀರಿಲ್ಲದೆ ಇಡೀ ಮನೆ ಒದ್ದಾಡುವುದು ಈ ಒಂದು ಸಣ್ಣ ಸಾಮಾನು ಕೈಯಲ್ಲಿ ಇಲ್ಲದ್ದರಿಂದಲೇ.

ಘಟಪ್ರಭಾ ತೀರ (ನವನಗರ, ಬಾಗಲಕೋಟೆ)

ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆ ಒಣಗಿಸಿ ನೋಡಿದೆ. ಹನಿ ಮೂತಿಯ ತುದಿಯಿಂದಲೂ ಬೀಳುತ್ತಿದೆ, ಫ್ಲ್ಯಾಂಜಿನ ಹಿಂದೆಯೂ ಒದ್ದೆಯಿದೆ. ಫ್ಲ್ಯಾಂಜ್ ಸರಿಸಿದಾಗ ಅಯಸ್ಕಾಂತ ಚಟ್ಟನೆ ಅಂಟಿತು, ಅಂದರೆ ಜಿಐ. ಹೀಗಾಗಿ ನಳವನ್ನು ಬಿಚ್ಚುವುದು ಅನಿವಾರ್ಯ.

ಈಗ ಬಂದಿರುವ ಅಡಚಣೆ ಬೇರೆ. ಮಾಳಿಗೆಯ ಮೇಲೆ ಟ್ಯಾಂಕಿನ ಕೆಳಗಿರುವ ಚಕ್ರದಂತಹ ಹಿಡಿಕೆಯ ವಾಲ್ವ್ ಅಲುಗುತ್ತಲೇ ಇಲ್ಲ. ಬಲವಾಗಿ ತಿರುಗಿಸಲು ಮನಸ್ಸು ಒಪ್ಪುತ್ತಿಲ್ಲ. ಇನ್ನು ನಳದ ಆಯ್ಕೆ: ಅಂಗಡಿಯವರು ಮೂತಿಯನ್ನು ಹೊರಗೆಳೆದು ಪಾತ್ರೆ ತೊಳೆಯಬಹುದಾದ, ನೊರೆನೊರೆಯಾಗಿ ನೀರು ಬೀಳುವ ಹೊಸ ಮಾದರಿಯೊಂದನ್ನು ತೋರಿಸಿದರು. ನಮ್ಮದು ಒಂದೇ ಅಂತಸ್ತಿನ ಮನೆ, ಟ್ಯಾಂಕ್ ನೇರವಾಗಿ ಮಾಳಿಗೆಯ ಮೇಲಿದೆ. ಅದನ್ನು ಕೊಳ್ಳಬಹುದೇ?

ಶಹಾಪುರ ಪೇಟೆ (ಬೆಳಗಾವಿ)

ಅಕ್ಕಾವರೆ, ಆ ನಳ ಬೇಡ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಿಮ್ಮ ಟ್ಯಾಂಕಿನ ತಳ ಸಿಂಕಿನ ನಳಕ್ಕಿಂತ ಮೂರು ಮೀಟರ್ ಮೇಲಿದ್ದರೆ ನಿಮಗೆ ದೊರೆಯುವುದು ಬರೀ 0.3 ಬಾರ್. ನೊರೆ ಮಾಡುವ ಜಾಲರಿಗೂ ಹೊರಗೆಳೆಯುವ ಸಣ್ಣ ಕೊಳವೆಗೂ ಅದು ಸಾಲುವುದಿಲ್ಲ; ಅಂಗಡಿಯಲ್ಲಿ ಚೆಂದ ಕಂಡ ನಳ ಮನೆಯಲ್ಲಿ ಎಳೆನೂಲಿನಷ್ಟು ನೀರು ಬಿಡುತ್ತದೆ. ಡಬ್ಬಿಯ ಮೇಲೆ ಕನಿಷ್ಠ ಒತ್ತಡ ಎಷ್ಟು ಬೇಕೆಂದು ಮುದ್ರಿಸಿದ್ದರೆ ಅದನ್ನು ಓದಿಯೇ ಕೊಳ್ಳಬೇಕು. ನಮ್ಮ ಬೆಳಗಾವಿಯಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆ ನೀರು ಬರುತ್ತಿರುವುದರಿಂದ ಅಲ್ಲಿಯ ಮನೆಗಳಲ್ಲಿ ಲೈನಿನ ನೀರನ್ನು ನೇರವಾಗಿ ನಳಕ್ಕೆ ಕೊಟ್ಟುಕೊಂಡವರಿಗೆ ಇಂಥ ನಳಗಳು ನಡೆಯುತ್ತವೆ. ಅಂಥವರು ಕೆಲಸ ಮಾಡುವಾಗ ಬಂದ್ ಮಾಡಬೇಕಾದದ್ದು ಮೀಟರಿನ ಹತ್ತಿರದ ವಾಲ್ವನ್ನು; ಮಾಳಿಗೆಯ ವಾಲ್ವ್ ಮುಚ್ಚಿ ನಿಶ್ಚಿಂತೆಯಿಂದ ನಳ ಬಿಚ್ಚಿದರೆ ಅಡುಗೆಮನೆಯಲ್ಲಿ ಕಾರಂಜಿ ಏಳುತ್ತದೆ.

ಸವಳು ನೀರಿನ ಮಾತು ಹೇಳುವುದಾದರೆ, ಕಲಾದಗಿ, ಲೋಕಾಪುರದ ಸುತ್ತಮುತ್ತ ನೆಲದಡಿಯಲ್ಲಿ ಸುಣ್ಣದ ಕಲ್ಲಿದೆ. ಸಿಮೆಂಟ್ ಕಾರ್ಖಾನೆಗಳು ಆ ಭಾಗಕ್ಕೆ ಬಂದದ್ದು ಅದಕ್ಕಾಗಿಯೇ. ಅಂಥ ನೆಲದ ಬೋರಿನ ನೀರು ಗಡಸಾಗಿರುವುದು ಸಹಜ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮ್‌ನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 600ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ನಿಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ನಳಕ್ಕಿಂತಲೂ ಮನೆಯವರ ದೃಷ್ಟಿಯಿಂದ ಉಪಯುಕ್ತ.

ನಳ ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ. ಗಟ್ಟಿ ಹಿತ್ತಾಳೆಯ ನಳ ಭಾರವಿರುತ್ತದೆ. ಹಗುರವಾಗಿ, ಕಡಿಮೆ ಬೆಲೆಗೆ, ಕನ್ನಡಿಯಂತೆ ಹೊಳೆಯುವ ಮಿಶ್ರಲೋಹದ ನಳಗಳು ಥ್ರೆಡ್ಡಿನಲ್ಲೇ ಮುರಿಯುತ್ತವೆ. ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಳಗಳು ತುಕ್ಕು ಹಿಡಿಯುವುದಿಲ್ಲ, ಸವಳು ನೀರಿಗೆ ಚೆನ್ನಾಗಿ ತಾಳುತ್ತವೆ, ಆದರೆ ಅವುಗಳ ಥ್ರೆಡ್ಡಿಗೆ ಪಾನಾದ ಬಲ ತಡೆಯುವುದಿಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ನಾನಾದರೆ ಕಾಲುಸುತ್ತಿನ, ಹಿತ್ತಾಳೆಯ, ತುದಿಯ ಜಾಲರಿಯನ್ನು ಕೈಯಿಂದಲೇ ಬಿಚ್ಚಿ ತೊಳೆಯಬಹುದಾದ ಸರಳ ಸಿಂಕ್ ಕಾಕ್ ಕೊಳ್ಳುತ್ತಿದ್ದೆ. ಬಿಳಿ ಸುಣ್ಣ ಕಟ್ಟಿದಾಗ ಜಾಲರಿಯನ್ನು ಲಿಂಬೆರಸದಲ್ಲಿ ನೆನೆಸಿದರೆ ಸಾಕು. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ತಾಗಿಸಬೇಡಿ, ಕ್ರೋಮ್ ಲೇಪವೇ ಎದ್ದುಹೋಗುತ್ತದೆ.

ಗೋಳಗುಮ್ಮಟದ ಓಣಿ (ವಿಜಯಪುರ)

ತಂಗಿ, ಆ ಗೇಟ್ ವಾಲ್ವನ್ನು ಬಲದಿಂದ ತಿರುಗಿಸದಿದ್ದದ್ದು ಒಳ್ಳೆಯದಾಯಿತು. ಅದರ ಒಳಗಿನ ಹಲಗೆ ದಂಡದಿಂದ ಕಳಚಿ ಕೆಳಗೆ ಬಿದ್ದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಮನೆಗೆ ಮಾತ್ರ ಹನಿ ನೀರೂ ಬರುವುದಿಲ್ಲ. ಟ್ಯಾಂಕಿನ ನೀರು ತಳಕ್ಕಿಳಿದ ದಿನ ನೋಡಿ, ಉಳಿದದ್ದನ್ನು ಬಕೆಟ್ಟುಗಳಲ್ಲಿ ತುಂಬಿಟ್ಟುಕೊಂಡು, ಟ್ಯಾಂಕನ್ನು ಖಾಲಿ ಮಾಡಿಯೇ ಕೆಲಸ ಶುರುಮಾಡಿ. ಆ ವಾಲ್ವ್ ತೆಗೆದು ಅಲ್ಲಿಗೆ ಬಾಲ್ ವಾಲ್ವ್ ಹಾಕಿಸುವ ಕೆಲಸವನ್ನು ಪ್ಲಂಬರಿಗೇ ಬಿಡುವುದು ಲೇಸು, ಏಕೆಂದರೆ ಅಲ್ಲಿ ತಪ್ಪಿದರೆ ಇಡೀ ಟ್ಯಾಂಕಿನ ನೀರು ಗೋಡೆಯ ಮೇಲೆ ಹರಿಯುತ್ತದೆ.

ಹಳೆಯ ನಳ ಹೊರಬಂದ ಮೇಲೆ ಎಲ್ಬೋದ ಥ್ರೆಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ತಿಕ್ಕಿ, ತುಕ್ಕನ್ನೂ ಹಳೆಯ ನಾರನ್ನೂ ತೆಗೆಯಿರಿ. ಬಳಿಕ ತೂತಿನ ಕೆಳಗೆ ಬಕೆಟ್ ಹಿಡಿದು ತುಂಬಿಟ್ಟುಕೊಂಡ ನೀರಿನಲ್ಲಿ ಸ್ವಲ್ಪವನ್ನು ಖಾಲಿ ಟ್ಯಾಂಕಿಗೆ ಸುರಿದು, ಸ್ವಚ್ಛ ನೀರು ಬರುವವರೆಗೆ ಹರಿಸಿ. ಈ ಒಂದು ಕೆಲಸವನ್ನು ಬಿಟ್ಟರೆ ಪೈಪಿನಲ್ಲಿ ಸಡಿಲವಾದ ತುಕ್ಕು ನೇರವಾಗಿ ಹೊಸ ನಳದ ಸಿರಾಮಿಕ್ ಬಿಲ್ಲೆಗಳ ನಡುವೆ ಹೋಗಿ ಕೂರುತ್ತದೆ. ನಮ್ಮೂರಿನಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳನ್ನು, ಅಂದರೆ ಗಂಜ್‌ಗಳನ್ನು ಕೊಳವೆಗಳ ದಾರಿಯಲ್ಲಿ ಕಟ್ಟಿದ್ದು ಒತ್ತಡ ತಗ್ಗಿಸಲಿಕ್ಕೆ ಮತ್ತು ರಾಡಿ ತಳಕ್ಕಿಳಿಯಲಿಕ್ಕೆ. ಅಷ್ಟು ಹಿಂದೆಯೇ ಈ ವಿಷಯ ಬಲ್ಲವರಿದ್ದರು.

ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹೊಸ ನಳವನ್ನು ಹಿಡಿದು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ. ಮೊದಲ ಎಳೆಯ ಥ್ರೆಡ್ ಖಾಲಿ ಇರಲಿ. ಪೇಟೆಯ ತೆಳು ಟೇಪಾದರೆ ಹತ್ತು ಹನ್ನೆರಡು ಸುತ್ತು ಬೇಕಾಗುತ್ತದೆ. ಹಳೆಯ ಜಿಐ ಸವೆದಿದ್ದರೆ ಇನ್ನೂ ನಾಲ್ಕು ಸುತ್ತು ಹೆಚ್ಚೇ ಇರಲಿ. ತಿರುಗಾಮುರುಗಾ ಸುತ್ತಿದರೆ ಬಿಗಿಯುವಾಗ ಟೇಪ್ ಹೊರಳಿ ಹೊರಗೆ ಬರುತ್ತದೆ. ಫ್ಲ್ಯಾಂಜನ್ನು ಮೊದಲೇ ನಳಕ್ಕೆ ಸೇರಿಸಿಕೊಂಡು, ಕೈಯಿಂದ ಎಷ್ಟು ಹೋಗುತ್ತದೋ ಅಷ್ಟು ಬಿಗಿದು, ಆಮೇಲೆ ಬಟ್ಟೆ ಸುತ್ತಿದ ಪಾನಾದಿಂದ ಒಂದು ಅಥವಾ ಒಂದೂವರೆ ಸುತ್ತು ಸಾಕು. ಮೂತಿ ನೇರವಾಗಿ ಬರಲಿಲ್ಲವೆಂದು ಬಿಗಿದದ್ದನ್ನು ಹಿಂದಕ್ಕೆ ತಿರುಗಿಸಬೇಡಿ. ಟೇಪ್ ಅಲ್ಲಿಯೇ ಹರಿದು ಸೋರಿಕೆ ಶುರುವಾಗುತ್ತದೆ. ಪೂರ್ತಿ ಬಿಚ್ಚಿ, ಹೊಸ ಟೇಪ್ ಸುತ್ತಿ, ಮತ್ತೆ ಕೂರಿಸಬೇಕು. ಟೈಲ್ಸಿನ ದಪ್ಪದಿಂದಾಗಿ ಎಲ್ಬೋ ಆಳದಲ್ಲಿದ್ದು ನಳದ ಥ್ರೆಡ್ ಮುಟ್ಟದಿದ್ದರೆ ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್, ಅಂದರೆ ಉದ್ದ ಹೆಚ್ಚಿಸುವ ತುಂಡು, ಸಿಗುತ್ತದೆ. ಆಳವನ್ನು ಕಡ್ಡಿಯಿಂದ ಅಳೆದುಕೊಂಡು ಹೋಗಿ ತನ್ನಿ.

ಘಟಪ್ರಭಾ ತೀರ (ನವನಗರ, ಬಾಗಲಕೋಟೆ)

ಕಾಕಾ ಅವರೇ, ಕೆಲಸವಾಯಿತು. ಎಣ್ಣೆಯಲ್ಲಿ ರಾತ್ರಿಯಿಡೀ ನೆನೆದ ಜೋಡಣೆ ಮೊದಲ ಸಲಕ್ಕೆ ಕದಲಲಿಲ್ಲ. ಮತ್ತೊಂದು ರಾತ್ರಿ ಬಿಟ್ಟು ಒತ್ತಿದಾಗ ನೀವು ಬರೆದ ಹಾಗೆಯೇ ಸದ್ದು ಮಾಡಿ ನಿಧಾನವಾಗಿ ತಿರುಗಿತು, ಎಲ್ಬೋ ಅಲುಗಲಿಲ್ಲ. ನೀರು ಹರಿಸಿದಾಗ ಬಕೆಟ್ಟಿನ ತಳದಲ್ಲಿ ಕೆಂಪು ಪುಡಿಯೊಂದಿಗೆ ಅಕ್ಕಿಕಾಳಿನಷ್ಟು ದಪ್ಪದ ಚಕ್ಕೆಗಳು ಬಂದವು. ಬೆಳಗಾವಿಯವರು ಹೇಳಿದ ಸರಳ ಹಿತ್ತಾಳೆಯ ನಳವನ್ನೇ ಕೂರಿಸಿದ್ದೇನೆ, ನೀರು ಚೆನ್ನಾಗಿ ಬರುತ್ತಿದೆ. ಫ್ಲ್ಯಾಂಜಿನ ಕೆಳಗೆ ಮಾತ್ರ ಅತಿ ಸಣ್ಣ ಒದ್ದೆ ಕಾಣುತ್ತದೆ, ಹನಿಯಾಗಿ ಬೀಳುವಷ್ಟಿಲ್ಲ. ಇನ್ನೂ ಬಿಗಿಯಬೇಕೇ, ಹೊರಗಿನಿಂದ ಎಂ-ಸೀಲ್ ಅಂಟು ಹಚ್ಚಿದರೆ ಸಾಕೇ?

ಗೋಳಗುಮ್ಮಟದ ಓಣಿ (ವಿಜಯಪುರ)

ಎಂ-ಸೀಲ್ ಬೇಡ ತಂಗಿ, ಒದ್ದೆಯ ಮೇಲೆ ಅದು ನಿಲ್ಲುವುದೂ ಇಲ್ಲ, ಮುಂದಿನ ಸಲ ಬಿಚ್ಚುವವರಿಗೆ ತೊಂದರೆ ಬೇರೆ. ಮೊದಲು ಅಲ್ಲಿ ಬಿಳಿ ಕಾಗದದ ತುಂಡು ಒತ್ತಿಟ್ಟು ಒಂದು ದಿನ ನೋಡಿ. ಕೆಲಸ ಮಾಡುವಾಗ ಫ್ಲ್ಯಾಂಜಿನೊಳಗೆ ಉಳಿದ ನೀರೂ ಹೀಗೆ ಜಿನುಗುವುದುಂಟು. ಮರುದಿನವೂ ಕಾಗದ ನೆನೆದರೆ ಮೇಲಿನಿಂದ ಬಿಗಿಯಲು ಹೋಗಬೇಡಿ. ಟ್ಯಾಂಕ್ ಇನ್ನೊಮ್ಮೆ ಖಾಲಿಯಾಗುವ ದಿನದವರೆಗೆ ಕಾದು, ನಳ ಬಿಚ್ಚಿ, ಹಳೆಯ ಟೇಪನ್ನು ಪೂರ್ತಿ ಕಿತ್ತು, ಈ ಸಲ ಹದಿನಾರು ಸುತ್ತು ಹಾಕಿ ಕೂರಿಸಿ. ಆ ದಿನವೇ ಪ್ಲಂಬರನ್ನು ಕರೆಸಿ ಮೇಲಿನ ಬಾಲ್ ವಾಲ್ವನ್ನೂ ಹಾಕಿಸಿಬಿಟ್ಟರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ.